ಹುಬ್ಬಳ್ಳಿಯ ಪೇಟೆ: ಮಳಿಗೆಯೂ ಬಾಡಿಗೆಯೂ ನಡೆದುಬಂದ ದಾರಿ

ಹುಬ್ಬಳ್ಳಿಯ ಅಂಗಡಿ ಜಾಗಕ್ಕೆ ಮೊದಲು ಬೆಲೆ ತಂದುಕೊಟ್ಟದ್ದು ಅದರ ಸುತ್ತಲಿನ ನೆಲ. ಊರಿನ ಪೂರ್ವಕ್ಕೂ ಉತ್ತರಕ್ಕೂ ನವಲಗುಂದ, ಗದಗ, ರೋಣದ ಎರೆಹೊಲಗಳು. ಅಲ್ಲಿ ಹತ್ತಿ, ಜೋಳ, ಕಡಲೆ, ಕುಸುಬೆ. ಪಶ್ಚಿಮಕ್ಕೆ ಕಲಘಟಗಿ ದಾಟಿದರೆ ಯಲ್ಲಾಪುರ, ಶಿರಸಿಯ ಅಡಿಕೆ ತೋಟ, ಮೆಣಸಿನ ಬಳ್ಳಿ. ಇನ್ನೂ ಮುಂದೆ ಹೋಗಿ ಘಟ್ಟ ಇಳಿದರೆ ಕಾರವಾರ, ಅಂಕೋಲಾ, ಕುಮಟಾದ ಬಂದರುಗಳು. ಬಯಲುಸೀಮೆಯ ಮಾಲು ಕರಾವಳಿಗೆ ಇಳಿಯುವಾಗಲೂ ಕರಾವಳಿಯ ಉಪ್ಪು, ತೆಂಗು ಮೇಲಕ್ಕೆ ಹತ್ತುವಾಗಲೂ ಕೈ ಬದಲಾಗುವ ತಾಣವೊಂದು ಬೇಕಿತ್ತು. ಆ ತಾಣ ಯಾವ ಕಾಲಕ್ಕೆ ಯಾವ ಊರಾಗಿತ್ತು ಎಂಬುದೇ ಈ ಭಾಗದ ವಾಣಿಜ್ಯ ಆಸ್ತಿಯ ಚರಿತ್ರೆ.

ಅಂಗಡಿಯನ್ನು ಆದಾಯ ತರುವ ಸ್ವತ್ತಾಗಿ ನೋಡುವ ರೂಢಿ ಇಲ್ಲಿ ಹಳೆಯದು. ಚಾಲುಕ್ಯರ ಕಾಲದ ಶಾಸನಗಳಲ್ಲಿ ದೇವಸ್ಥಾನದ ಪೂಜೆಗೆಂದು ಬಿಟ್ಟ ದತ್ತಿಗಳ ಪಟ್ಟಿಯಲ್ಲಿ ಹೊಲ, ಹೂದೋಟ, ಗಾಣಗಳ ಜೊತೆಗೆ ಅಂಗಡಿಗಳೂ ಬರುತ್ತವೆ. ಅಂಗಡಿಯ ಮೇಲಿನ ತೆರಿಗೆಯನ್ನೇ ದೇವರಿಗೆ ಬಿಟ್ಟುಕೊಟ್ಟ ಉದಾಹರಣೆಗಳೂ ಇವೆ. ಅಯ್ಯಾವೊಳೆಯ ಐನೂರ್ವರಂತಹ ವರ್ತಕ ಸಂಘಗಳು ಪಟ್ಟಣಗಳ ನಡುವೆ ವ್ಯಾಪಾರ ನಡೆಸುತ್ತಿದ್ದ ದಿನಗಳವು. ಆಗ ಈ ಸೀಮೆಯ ದೊಡ್ಡ ಊರುಗಳೆಂದರೆ ಪುಲಿಗೆರೆ ಎಂದು ಹೆಸರಾಗಿದ್ದ ಲಕ್ಷ್ಮೇಶ್ವರ, ಅಣ್ಣಿಗೇರಿ, ಲಕ್ಕುಂಡಿ. ಲಕ್ಕುಂಡಿಯಲ್ಲಿ ಟಂಕಸಾಲೆಯೇ ಇತ್ತು. ಅಲ್ಲಿ ಅಚ್ಚಾದ ಲೊಕ್ಕಿ ಗದ್ಯಾಣ ದೂರದೂರ ಚಲಾವಣೆಯಲ್ಲಿತ್ತು. ಇಂದು ಲಕ್ಕುಂಡಿ ಗದಗಿನ ಪಕ್ಕದ ಒಂದು ಹಳ್ಳಿ. ಗುಡಿ, ಬಾವಿಗಳು ಉಳಿದವು, ಪೇಟೆ ಉಳಿಯಲಿಲ್ಲ. ವ್ಯಾಪಾರದ ದಾರಿ ತಪ್ಪಿದ ಊರಿನಲ್ಲಿ ಕಟ್ಟಡದ ಗಟ್ಟಿತನ ಅಂಗಡಿಯನ್ನು ಕಾಪಾಡುವುದಿಲ್ಲ ಎಂಬುದಕ್ಕೆ ಇಷ್ಟು ಹತ್ತಿರದ ಸಾಕ್ಷಿ ಮತ್ತೊಂದಿಲ್ಲ.

17ನೇ ಶತಮಾನದ ಹೊತ್ತಿಗೆ ಹುಬ್ಬಳ್ಳಿ ಬಟ್ಟೆಯ ದೊಡ್ಡ ಮಾರುಕಟ್ಟೆಯಾಗಿತ್ತು. ಕಾರವಾರದಲ್ಲಿದ್ದ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಕೋಠಿ ತನಗೆ ಬೇಕಾದ ಬಟ್ಟೆಯನ್ನು ಘಟ್ಟದ ಮೇಲಿನಿಂದ ತರಿಸಿಕೊಳ್ಳುತ್ತಿತ್ತು. ಅದಕ್ಕಾಗಿ ಹುಬ್ಬಳ್ಳಿಯಲ್ಲೂ ನೆಲೆ ಮಾಡಿಕೊಂಡಿತ್ತು. 1673ರಲ್ಲಿ ಶಿವಾಜಿಯ ಸೇನಾನಿ ಅಣ್ಣಾಜಿ ದತ್ತೋ ಊರನ್ನು ಲೂಟಿ ಮಾಡಿದಾಗ ಕಂಪನಿಯ ಸರಕೂ ಹೋಯಿತು. ಕಂಪನಿ ಬಹಳ ದಿನ ಪರಿಹಾರ ಕೇಳುತ್ತಲೇ ಇತ್ತು. ಲೂಟಿಯ ಸುದ್ದಿಯಷ್ಟೇ ಮುಖ್ಯವಾದ ಮಾತು ಇದರಲ್ಲಿದೆ: ಕೊಳ್ಳೆ ಹೊಡೆಯಲು ದಂಡು ಬರುವಷ್ಟು ಮಾಲು ಒಂದೇ ಊರಿನ ಉಗ್ರಾಣಗಳಲ್ಲಿ ಕೂಡಿತ್ತು.

ಆ ಊರು ಇಂದಿನ ಹಳೇ ಹುಬ್ಬಳ್ಳಿ. ಮೊಘಲರ ಆಳ್ವಿಕೆಯಲ್ಲಿ ಅದು ಸವಣೂರಿನ ನವಾಬರ ಕೈಗೆ ಬಂತು. ನವಾಬ ಮಜೀದ್ ಖಾನನ ಹೆಸರಿನಲ್ಲಿ ಮಜೀದಪುರ ಎಂಬ ಹೊಸ ಪೇಟೆ ಹುಟ್ಟಿತು. 1727ರಲ್ಲಿ ಬಸಪ್ಪ ಶೆಟ್ಟರ್ ಎಂಬ ವರ್ತಕ ನವಾಬರ ಒಪ್ಪಿಗೆ ಪಡೆದು ಕೋಟೆಯ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿದನೆಂಬುದು ಊರಿನ ಇತಿಹಾಸದಲ್ಲಿ ನೆಲೆನಿಂತ ಮಾತು. ಕೋಟೆ ಹೋಯಿತು, ಅದರ ಮುಂದಿನ ಬಯಲು ದುರ್ಗದಬೈಲು ಎಂಬ ಹೆಸರಿನಲ್ಲಿ ಇಂದಿಗೂ ಊರಿನ ಅತ್ಯಂತ ದಟ್ಟವಾದ ಚಿಲ್ಲರೆ ಮಾರುಕಟ್ಟೆ. ರಾಜನೊಬ್ಬ ರಾಜಧಾನಿ ಕಟ್ಟಿ ಅದಕ್ಕೊಂದು ಬಜಾರು ಸೇರಿಸುವುದು ಸಾಮಾನ್ಯ. ಇಲ್ಲಿ ವ್ಯಾಪಾರಿಯೇ ಮುಂದೆ ನಿಂತು ಪೇಟೆ ಕಟ್ಟಿದ್ದಾನೆ, ಆಳುವವನಿಂದ ಪರವಾನಗಿಯನ್ನಷ್ಟೇ ಪಡೆದಿದ್ದಾನೆ. ಹುಬ್ಬಳ್ಳಿಯ ಸ್ವಭಾವ ಈ ಹುಟ್ಟಿನಲ್ಲಿಯೇ ಕಾಣುತ್ತದೆ.

ಆ ಪೇಟೆಯ ಓಣಿಗಳು ಕಸುಬಿನ ಮೇಲೆ ಬೇರೆಯಾದವು. ಜವಳಿ ಸಾಲು, ಕಂಚಗಾರ ಗಲ್ಲಿ ಎಂಬ ಹೆಸರುಗಳು ಯಾವ ಮಾಲು ಎಲ್ಲಿ ಸಿಗುತ್ತಿತ್ತು ಎಂಬುದನ್ನು ಈಗಲೂ ಹೇಳುತ್ತವೆ. ಅಂಗಡಿಯ ರಚನೆಯೂ ಒಂದೇ ಬಗೆಯದು: ಬೀದಿಗೆ ಕಿರಿದಾದ ಮುಖ, ಒಳಗೆ ಉದ್ದನೆಯ ಆಳ. ಮುಂದೆ ಗಾದಿ, ಗಲ್ಲಾ. ಹಿಂದೆ ಮಾಲಿನ ಕೋಣೆ. ಮೇಲೆ ಅಥವಾ ಒಳಗೆ ಮನೆ. ಇಂತಹ ಕಟ್ಟಡದಲ್ಲಿ ಬಾಡಿಗೆಯೆಂಬುದಕ್ಕೆ ಹೆಚ್ಚಿನ ಎಡೆಯಿರಲಿಲ್ಲ. ಮಾಲೀಕ, ವ್ಯಾಪಾರಿ, ವಾಸಿಗ ಮೂವರೂ ಒಂದೇ ಮನೆತನ. ವ್ಯಾಪಾರ ಇಳಿದ ವರ್ಷ ಜಾಗದ ಖರ್ಚು ಬೆಳೆಯುತ್ತಿರಲಿಲ್ಲ, ಆದ್ದರಿಂದ ಅಂಗಡಿ ಮುಚ್ಚುತ್ತಲೂ ಇರಲಿಲ್ಲ. ಮರಾಠರು, ಹೈದರ್ ಅಲಿ, ಮತ್ತೆ ಮರಾಠರು ಎಂದು ಆಳುವವರು ಬದಲಾದ ಆ ಶತಮಾನವನ್ನು ಪೇಟೆ ದಾಟಿದ್ದು ಬಹುಮಟ್ಟಿಗೆ ಈ ಏರ್ಪಾಡಿನ ಬಲದಿಂದ. 1817–18ರಲ್ಲಿ ಕೋಟೆ ಕಂಪನಿಯ ಸೇನಾನಿ ಥಾಮಸ್ ಮನ್ರೋನ ಕೈಸೇರಿ, ಕಂಪನಿಯ ಆಳ್ವಿಕೆ ಬಂತು. ನಗರಸಭೆ 1855ರಲ್ಲಿ ಆರಂಭವಾಯಿತು.

ಜಾಗದ ಬೆಲೆಯನ್ನು ಬೇರೆ ಮಟ್ಟಕ್ಕೆ ಏರಿಸಿದ್ದು ಹತ್ತಿ. 1840ರ ದಶಕದಿಂದ ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ ಅಮೆರಿಕದ ಹತ್ತಿಯ ತಳಿ ಬೇರೂರಿತು. ಲಿವರ್‌ಪೂಲಿನ ಮಾರುಕಟ್ಟೆಯಲ್ಲಿ ಅದಕ್ಕೆ ಧಾರವಾಡ–ಅಮೆರಿಕನ್ ಎಂದು ಹೆಸರಾಯಿತು. ನಾಡತಳಿಯ ಹತ್ತಿ ಸಾಗುತ್ತಿದ್ದ ಬಂದರಿನಿಂದಾಗಿ ಅದನ್ನು ಕುಮಟಾ ಎಂದೇ ಕರೆಯುತ್ತಿದ್ದರು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧ ಅಲ್ಲಿಂದ ಇಂಗ್ಲೆಂಡಿಗೆ ಹೋಗುವ ಹತ್ತಿಯನ್ನು ತಡೆದಾಗ ಈ ಭಾಗದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆಯೂ ಹತ್ತಿ ವರ್ತಕರ ಒತ್ತಾಯವಿತ್ತು. ಕಾರವಾರ ಬಂದರನ್ನು ಬೆಳೆಸಿ ಧಾರವಾಡದ ಹತ್ತಿಯನ್ನು ಅಲ್ಲಿಂದ ಸಾಗಿಸುವುದು ಅವರ ಲೆಕ್ಕಾಚಾರ.

ಲೆಕ್ಕಾಚಾರವನ್ನು ರೈಲು ತಲೆಕೆಳಗು ಮಾಡಿತು. ಸದರ್ನ್ ಮರಾಠಾ ರೈಲ್ವೆಯ ಹೊಟಗಿ–ಗದಗ ಮಾರ್ಗ 1884ರಲ್ಲಿ ತೆರೆಯಿತು. 1888ರ ಹೊತ್ತಿಗೆ ಹುಬ್ಬಳ್ಳಿಯ ಮಾಲು ಕ್ಯಾಸಲ್ ರಾಕ್ ಮೂಲಕ ಗೋವಾದ ಮಾರ್ಮಗೋವಾ ಬಂದರಿಗೆ ನೇರವಾಗಿ ಹೋಗತೊಡಗಿತು. ಅದೇ ದಶಕದಲ್ಲಿ ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪು ಬಂತು. ಕೆಲವೇ ವರ್ಷಗಳಲ್ಲಿ ಕುಮಟಾದ ಹತ್ತಿ ವ್ಯಾಪಾರ ಕುಸಿಯಿತು. ಗಾಡಿಗಳು ಸಾಲುಗಟ್ಟಿ ದೇವಿಮನೆ ಘಟ್ಟ ಇಳಿಯುತ್ತಿದ್ದ ಕಾಲ ಮುಗಿಯಿತು. ಒಂದೇ ರೈಲುಹಳಿಯಿಂದ ಹುಬ್ಬಳ್ಳಿಯ ವಖಾರಿಗೆ ಬೆಲೆ ಏರಿತು, ಕುಮಟಾದ ಗೋದಾಮಿಗೆ ಇಳಿಯಿತು.

ರೈಲು ಬಂದ ಮೇಲೆ ಪೇಟೆಯಿಂದ ನಿಲ್ದಾಣದ ಕಡೆಗೆ ಊರು ಚಾಚಿತು. ಸ್ಟೇಶನ್ ರಸ್ತೆ, ಕೊಪ್ಪೀಕರ ರಸ್ತೆ, ಮುಂಬಯಿಯ ಗವರ್ನರನ ಹೆಸರು ಹೊತ್ತ ಲ್ಯಾಮಿಂಗ್ಟನ್ ರಸ್ತೆ ವ್ಯಾಪಾರದ ಬೀದಿಗಳಾದವು. ಹತ್ತಿ ಬಿಡಿಸುವ ಜಿನ್ನಿಂಗ್ ಕಾರ್ಖಾನೆ, ಬೇಲು ಕಟ್ಟುವ ಪ್ರೆಸ್ಸು, ನೂಲಿನ ಗಿರಣಿ ಎದ್ದವು. ರೈತನ ಮಾಲನ್ನು ದಲಾಲಿಗೆ ಮಾರಿಸಿಕೊಡುವ ಅಡತಿ ಅಂಗಡಿಗಳಿಗೆ ಜಾಗ ಬೇಕಾಯಿತು. ಅಡತ್ ವ್ಯಾಪಾರಿಗೆ ಪೇಟೆಯ ಮನೆ–ಅಂಗಡಿ ಸಾಲದು: ರೈತನ ಗಾಡಿ ನಿಲ್ಲುವ ಅಂಗಳ, ಎತ್ತಿಗೆ ನೀರು, ಅಂಡಿಗೆ ಇಳಿಸುವ ಕಟ್ಟೆ, ಮಾಲು ಕೂಡಿಡುವ ವಖಾರಿ, ಸೇಟುಗಳೂ ದಲಾಲರೂ ಕೂರುವ ಗಾದಿ ಬೇಕು. ದುಡ್ಡಿದ್ದವರು ವಖಾರಿ ಕಟ್ಟಿ ಬೇರೆಯವರಿಗೆ ಬಾಡಿಗೆಗೆ ಕೊಡುವ ಪದ್ಧತಿ ಬೆಳೆಯಿತು. ವ್ಯಾಪಾರ ಮಾಡದ ಮಾಲೀಕ, ಮಾಲೀಕನಲ್ಲದ ವ್ಯಾಪಾರಿ ಇಬ್ಬರೂ ಹುಬ್ಬಳ್ಳಿಯಲ್ಲಿ ಒಂದು ವರ್ಗವಾಗಿ ಕಾಣಿಸಿಕೊಂಡದ್ದು ಆಗ. ಮುಂದಿನ ನೂರು ವರ್ಷ ಈ ಇಬ್ಬರ ನಡುವಿನ ಜಗ್ಗಾಟವೇ ಪೇಟೆಯ ಕಟ್ಟಡಗಳ ಗತಿಯನ್ನು ನಿರ್ಧರಿಸಿತು.

ಜಗ್ಗಾಟಕ್ಕೆ ಕಾನೂನು ಕಾಲಿಟ್ಟದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಯುದ್ಧದ ವರ್ಷಗಳಲ್ಲಿ ಕಟ್ಟಡ ಸಾಮಗ್ರಿ ಸಿಗದೆ ಹೊಸ ಕಟ್ಟಡ ನಿಂತುಹೋಯಿತು, ಬಾಡಿಗೆ ಏರಿತು. ಸರ್ಕಾರಗಳು ಬಾಡಿಗೆಗೆ ಕಡಿವಾಣ ಹಾಕಿದವು. ಹುಬ್ಬಳ್ಳಿ ಆಗ ಮುಂಬಯಿ ಪ್ರಾಂತದಲ್ಲಿತ್ತು. ಇಲ್ಲಿಗೆ ಬಂದದ್ದು 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯ್ದೆ. 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯೇ ಅದಕ್ಕೆ ಅಳತೆಗೋಲು. ಆ ಬಾಡಿಗೆ ಕೊಡುತ್ತಿರುವವರೆಗೆ ಬಾಡಿಗೆದಾರನನ್ನು ಬಿಡಿಸುವುದು ದುಸ್ತರ. ಮೈಸೂರು ಸೀಮೆಯಲ್ಲಿ ಇದೇ ಕೆಲಸವನ್ನು 1951ರ ಕಾಯ್ದೆ ಮಾಡಿತು. ರಾಜ್ಯ ಒಂದಾದ ಮೇಲೆ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಎಲ್ಲ ಭಾಗಕ್ಕೂ ಒಂದೇ ನಿಯಮ ತಂದಿತು.

ಮನೆಯಿಲ್ಲದವನನ್ನು ಬೀದಿಗೆ ತಳ್ಳದಂತೆ ಕಾಯುವ ಕಾನೂನು ನ್ಯಾಯವಾದದ್ದೇ. ಆದರೆ ಅದು ಅಂಗಡಿಗೂ ಅನ್ವಯವಾದಾಗ ಪರಿಣಾಮ ಬೇರೆಯಾಯಿತು. ದುರ್ಗದಬೈಲಿನ ಮಳಿಗೆಯ ವ್ಯಾಪಾರ ಹತ್ತು ಪಟ್ಟು ಬೆಳೆದರೂ ಬಾಡಿಗೆ ಅಜ್ಜನ ಕಾಲದ್ದೇ. ಜಾಗದ ನಿಜವಾದ ಬೆಲೆಗೂ ಪಾವತಿಯಲ್ಲಿ ಬರೆದ ಬಾಡಿಗೆಗೂ ನಡುವಿನ ಅಂತರ ಎಲ್ಲಿಯಾದರೂ ಹೊರಬರಲೇಬೇಕು. ಅದು ಪಗಡಿಯಾಗಿ ಹೊರಬಂತು. ಹೊಸ ಬಾಡಿಗೆದಾರ ಒಳಬರುವಾಗ ಒಂದು ದೊಡ್ಡ ಮೊತ್ತವನ್ನು ಕಾಗದವಿಲ್ಲದೆ ಕೊಡಬೇಕು. ಹಳೆಯ ಬಾಡಿಗೆದಾರ ಜಾಗ ಬಿಡುವಾಗ ತಾನೂ ಒಂದು ಮೊತ್ತ ಕೇಳುತ್ತಾನೆ. ಹೀಗೆ ಹಣ ಪಡೆಯುವುದನ್ನು ಕಾಯ್ದೆ ಅಪರಾಧವೆಂದು ಸಾರಿತ್ತು, ಪೇಟೆಯಲ್ಲಿ ಅದು ಎಲ್ಲರಿಗೂ ತಿಳಿದ ರೂಢಿಯಾಗಿತ್ತು. ಬಾಡಿಗೆಯ ಹಕ್ಕು ತಾನೇ ಒಂದು ಆಸ್ತಿಯಾಗಿ, ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲೂ ಸೇರಿತು.

ಇದಕ್ಕೆ ದೊಡ್ಡ ಬೆಲೆ ತೆತ್ತದ್ದು ಕಟ್ಟಡಗಳು. ತಿಂಗಳಿಗೆ ಪುಡಿಗಾಸು ಬರುವ ಕಟ್ಟಡಕ್ಕೆ ಮಾಲೀಕ ಸುಣ್ಣವನ್ನೂ ಹಚ್ಚಲಾರ. ತನ್ನದಲ್ಲದ ಗೋಡೆಗೆ ಬಾಡಿಗೆದಾರನೂ ದುಡ್ಡು ಹಾಕುವುದಿಲ್ಲ. ಮರದ ತೊಲೆ ಬಾಗಿತು, ಮಣ್ಣಿನ ಮಾಳಿಗೆ ಸೋರಿತು, ಮೇಲಂತಸ್ತು ಖಾಲಿ ಬಿತ್ತು. ರಾಜ್ಯದ ಹಳೆಯ ಪೇಟೆಗಳಲ್ಲೆಲ್ಲ ಕಾಣುವ ಈ ಚಿತ್ರಕ್ಕೆ, ಅಂದರೆ ಕೆಳಗೆ ಲಕ್ಷಗಟ್ಟಲೆ ವ್ಯಾಪಾರದ ಅಂಗಡಿ, ಮೇಲೆ ಕುಸಿಯುವ ಜಂತಿ ಎಂಬ ಚಿತ್ರಕ್ಕೆ, ಅರ್ಧಶತಮಾನದ ಬಾಡಿಗೆ ಕಾನೂನೇ ದೊಡ್ಡ ಕಾರಣ. ಹೊಸ ಮಾಲೀಕರು ಪಾಠ ಕಲಿತರು: ಬಾಡಿಗೆಗೆ ಕೊಡುವುದಕ್ಕಿಂತ ಖಾಲಿ ಇಡುವುದು ಮೇಲು ಎಂದು ಬೀಗ ಹಾಕಿದವರು ಬಹಳ. ಕೊಟ್ಟವರು 11 ತಿಂಗಳ ಕರಾರು ಮಾಡಿಕೊಂಡು, ಮುಗಿದ ಕೂಡಲೆ ಹೊಸದು ಬರೆಸಿದರು.

ಕರ್ನಾಟಕ ಬಾಡಿಗೆ ಕಾಯ್ದೆ, 1999 ಈ ಗಂಟನ್ನು ಬಿಚ್ಚಿತು. 2001ರ ಡಿಸೆಂಬರ್ 31ರಂದು ಜಾರಿಗೆ ಬಂದ ಈ ಕಾಯ್ದೆ 14 ಚದರ ಮೀಟರಿಗಿಂತ ದೊಡ್ಡದಾದ ವಾಣಿಜ್ಯ ಜಾಗವನ್ನು ನಿಯಂತ್ರಣದಿಂದ ಹೊರಗಿಟ್ಟಿತು. 14 ಚದರ ಮೀಟರ್ ಎಂದರೆ ಸುಮಾರು 150 ಚದರ ಅಡಿ, ಒಂದು ಪುಟ್ಟ ಕಿರಾಣಿ ಅಂಗಡಿಯಷ್ಟು. ಸಣ್ಣ ವ್ಯಾಪಾರಿಗೆ ರಕ್ಷಣೆ ಉಳಿಯಿತು; ದೊಡ್ಡ ಮಳಿಗೆಯ ಮಾಲೀಕ 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ ನೋಟಿಸು ಕೊಟ್ಟು ಜಾಗ ಬಿಡಿಸಿಕೊಳ್ಳುವ ದಾರಿ ತೆರೆಯಿತು. ರಾಜ್ಯದ ಎರಡನೇ ಹಂತದ ಊರುಗಳಲ್ಲಿ ಕಳೆದ ಎರಡು ದಶಕಗಳಲ್ಲಿ ಇಷ್ಟೊಂದು ವಾಣಿಜ್ಯ ಕಟ್ಟಡ ಎದ್ದದ್ದಕ್ಕೆ ಸಾಮಾನ್ಯವಾಗಿ ಹೆದ್ದಾರಿ, ಐಟಿ ಎಂದು ಕಾರಣ ಹೇಳುತ್ತಾರೆ. ಸದ್ದಿಲ್ಲದೆ ಬಂದ ಈ ಒಂದು ಕಲಮಿನ ಪಾಲು ಅದರಲ್ಲಿ ಕಡಿಮೆಯದಲ್ಲ.

ಈ ನಡುವೆ ಸಗಟು ವ್ಯಾಪಾರ ಪೇಟೆಯನ್ನು ಬಿಟ್ಟಿತ್ತು. ಹತ್ತಿಯ ಮಾರುಕಟ್ಟೆ ಮೊದಲು ಊರಂಚಿಗೆ ಹೋಗಿ ನ್ಯೂ ಕಾಟನ್ ಮಾರ್ಕೆಟ್ ಎನಿಸಿತು. ಊರು ಬೆಳೆದು ಅದನ್ನೂ ನುಂಗಿತು. ಇಂದು ಆ ಹೆಸರಿನ ಬಡಾವಣೆಯಲ್ಲಿ ಇರುವುದು ಕಚೇರಿ, ಹೋಟೆಲು, ದವಾಖಾನೆಗಳು. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯಂತೆ ವಹಿವಾಟು ಮಾರುಕಟ್ಟೆ ಪ್ರಾಂಗಣದ ಒಳಗೇ ನಡೆಯಬೇಕಾಯಿತು. ಹುಬ್ಬಳ್ಳಿ–ಧಾರವಾಡದ ನಡುವೆ ಅಮರಗೋಳದ ವಿಶಾಲ ಪ್ರಾಂಗಣ ಹಾಗೆ ಬೆಳೆದದ್ದು. ಮಳಿಗೆಯೊಂದಿಗೆ ಲೈಸೆನ್ಸು, ಲೈಸೆನ್ಸಿನೊಂದಿಗೆ ವ್ಯಾಪಾರ ಎಂಬ ಕಟ್ಟುಪಾಡು ಪ್ರಾಂಗಣದ ಜಾಗಕ್ಕೆ ಭದ್ರವಾದ ಬೆಲೆ ಕೊಟ್ಟಿತು. 2020ರ ತಿದ್ದುಪಡಿ ಪ್ರಾಂಗಣದ ಹೊರಗೂ ಖರೀದಿಗೆ ಅವಕಾಶ ಕೊಟ್ಟಾಗ ವರ್ತಕರಿಗೆ ತಳಮಳವಾದದ್ದು ಸಹಜ. ಆ ಮಳಿಗೆಗಳ ಬೆಲೆಯಲ್ಲಿ ಕಾನೂನು ಸೇರಿಸಿಕೊಟ್ಟ ಭಾಗ ಎಷ್ಟು, ವ್ಯಾಪಾರದಿಂದ ಬಂದ ಭಾಗ ಎಷ್ಟು ಎಂಬ ಪ್ರಶ್ನೆ ಆಗ ಮೊದಲ ಬಾರಿಗೆ ಎದ್ದಿತು.

ಸ್ವಾತಂತ್ರ್ಯಾನಂತರ ಊರಿನಲ್ಲಿ ಮಳಿಗೆ ಕಟ್ಟುವವರ ಸಾಲಿಗೆ ನಗರಾಡಳಿತವೂ ಸೇರಿತು. 1962ರಲ್ಲಿ ಹುಬ್ಬಳ್ಳಿ ಮತ್ತು ಧಾರವಾಡ ಸೇರಿ ಒಂದೇ ಮಹಾನಗರ ಪಾಲಿಕೆಯಾದವು. ಕರ್ನಾಟಕದ ಬಹುತೇಕ ಪುರಸಭೆ, ನಗರಸಭೆಗಳಿಗೆ ತೆರಿಗೆ ಬಿಟ್ಟರೆ ಸ್ವಂತ ಆದಾಯವೆಂದರೆ ಮಳಿಗೆ ಬಾಡಿಗೆ. ಕೇಂದ್ರ ಸರ್ಕಾರ 1979–80ರಲ್ಲಿ ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಅಭಿವೃದ್ಧಿ ಯೋಜನೆ ಆರಂಭಿಸಿದಾಗ ಅದರ ಹಣದಿಂದ ದೇಶದ ಅನೇಕ ಪಟ್ಟಣಗಳಲ್ಲಿ ಎದ್ದದ್ದು ಮಾರುಕಟ್ಟೆ ಕಟ್ಟಡಗಳು, ವಾಣಿಜ್ಯ ಸಂಕೀರ್ಣಗಳು. ಸಾಲ ತೀರಿಸಲು ಬಾಡಿಗೆ ಬರುತ್ತದೆ ಎಂಬುದು ಕಾಗದದ ಮೇಲಿನ ತರ್ಕ. ನಡೆದದ್ದು ಬೇರೆ. ನೆಲಮಹಡಿಯ ಮಳಿಗೆಗಳಿಗೆ ಹರಾಜಿನಲ್ಲಿ ಪೈಪೋಟಿ, ಮೊದಲ ಮಹಡಿಗೆ ಕೇಳುವವರಿಲ್ಲ. ಹರಾಜಿನ ಹುಮ್ಮಸ್ಸಿನಲ್ಲಿ ಕೂಗಿದ ಬಾಡಿಗೆ ಎರಡನೇ ವರ್ಷವೇ ಬಾಕಿ. ಅವಧಿ ಮುಗಿದ ಮಳಿಗೆಯನ್ನು ಮರುಹರಾಜಿಗೆ ಹಾಕಲು ಹೊರಟರೆ ಇದ್ದವರು ನ್ಯಾಯಾಲಯಕ್ಕೆ. ಒಳಬಾಡಿಗೆಯ ರೂಢಿಯಂತೂ ಪಗಡಿಯ ತಮ್ಮನೇ: ಪಾಲಿಕೆಗೆ ಸಲ್ಲುವುದು ಒಂದು, ಒಳಗೆ ಕೂತವನು ಹೆಸರಿನವನಿಗೆ ಕೊಡುವುದು ಅದರ ಹಲವು ಪಟ್ಟು.

ಮೇಲಿನ ಮಹಡಿಯ ಸಮಸ್ಯೆ ಸಣ್ಣ ಮಾರುಕಟ್ಟೆಗಳ ಮೂಲಭೂತ ಸಮಸ್ಯೆ. ಬೆಂಗಳೂರಿನಲ್ಲಿ ಮೂರನೇ ಮಹಡಿಯ ಜಾಗಕ್ಕೆ ಗಿರಾಕಿ ಕಂಪನಿ. ಅದಕ್ಕೆ ಬೀದಿಯ ಮುಖ ಬೇಡ. ಹುಬ್ಬಳ್ಳಿಯಲ್ಲಿ ಗಿರಾಕಿ ಚಿಲ್ಲರೆ ವ್ಯಾಪಾರಿ. ಅವನಿಗೆ ಬೀದಿಯ ಮುಖವಲ್ಲದೆ ಬೇರೇನೂ ಬೇಡ. ನೆಲದ ಬೆಲೆ ಏರಿದಂತೆ ಕಟ್ಟುವವನು ನಾಲ್ಕು ಮಹಡಿ ಏರಿಸುತ್ತಾನೆ, ಆದರೆ ಆದಾಯದ ಹೆಚ್ಚಿನ ಪಾಲು ಬರುವುದು ಒಂದೇ ಮಹಡಿಯಿಂದ. ಮೇಲಿನ ಮಹಡಿ ತುಂಬಿದ ಕಡೆ ಅದಕ್ಕೊಂದು ಸಾರ್ವಜನಿಕ ಸಂಸ್ಥೆಯ ಆಸರೆ ಕಾಣುತ್ತದೆ. ವಿದ್ಯಾನಗರದಲ್ಲಿ 1947ರಲ್ಲಿ ಬಿವಿಬಿ ಎಂಜಿನಿಯರಿಂಗ್ ಕಾಲೇಜು, 1957ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದವು. ಅವುಗಳ ಸುತ್ತ ದವಾಖಾನೆ, ಲ್ಯಾಬು, ಔಷಧದ ಅಂಗಡಿ, ಕೋಚಿಂಗ್ ಕ್ಲಾಸುಗಳು ಹರಡಿದವು. 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರಕಚೇರಿ ಹುಬ್ಬಳ್ಳಿಗೆ ಬಂತು. 2008ರ ಜುಲೈನಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಗಿ 2013ರಲ್ಲಿ ಕಾಯಂ ಆಯಿತು. ವಕೀಲರ ಕಚೇರಿಗಳಿಗೆ ಬೇಡಿಕೆ ಹುಟ್ಟಿತು. ಸರ್ಕಾರ ಕಟ್ಟಿದ ಯಾವ ವಾಣಿಜ್ಯ ಸಂಕೀರ್ಣವೂ ಹುಟ್ಟಿಸದಷ್ಟು ಕಚೇರಿ ಬೇಡಿಕೆಯನ್ನು ಒಂದು ಆಸ್ಪತ್ರೆ, ಒಂದು ನ್ಯಾಯಪೀಠ ಹುಟ್ಟಿಸಿದವು.

ಕಟ್ಟಡ ಮೊದಲು, ಬಾಡಿಗೆದಾರ ಆಮೇಲೆ ಎಂಬ ಕ್ರಮದ ದೊಡ್ಡ ಪರೀಕ್ಷೆ ಐಟಿ ಕ್ಷೇತ್ರದಲ್ಲಿ ನಡೆಯಿತು. 2000ರ ದಶಕದ ಆರಂಭದಲ್ಲಿ ಇಂದಿರಾ ಗಾಜಿನಮನೆಯ ಸಮೀಪ ಎದ್ದ ಐಟಿ ಪಾರ್ಕಿಗೆ ನಿರೀಕ್ಷಿಸಿದಷ್ಟು ಕಂಪನಿಗಳು ಬಹುಕಾಲ ಬರಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವ ಈ ಭಾಗದ ಎಂಜಿನಿಯರುಗಳು ಸಾವಿರಾರು, ಇಲ್ಲಿ ಕಟ್ಟಡವೂ ಸಿದ್ಧ; ಆದರೂ ಕಂಪನಿ ಬರಬೇಕಾದರೆ ಗಿರಾಕಿ, ವಿಮಾನ, ಕೆಲಸ ಬದಲಿಸುವ ಅವಕಾಶ, ಇನ್ನೊಂದು ಕಂಪನಿಯ ನೆರೆ ಎಲ್ಲವೂ ಬೇಕಾಗುತ್ತವೆ. ಗೋಕುಲ ರಸ್ತೆಯಲ್ಲಿ ಇನ್ಫೊಸಿಸ್ ಕಟ್ಟಿದ ಆವರಣ ವರ್ಷಗಟ್ಟಲೆ ಕಾದು, ಅದನ್ನು ಆರಂಭಿಸಿ ಎಂದು ಊರವರು ಅಭಿಯಾನವನ್ನೇ ನಡೆಸಿದ ಮೇಲೆ 2022ರಲ್ಲಿ ಕೆಲಸ ಶುರುಮಾಡಿತು. ಕೊರೊನಾ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡಿದವರ ಅನುಭವ ಅದಕ್ಕೆ ಒತ್ತಾಸೆಯಾಯಿತು. ಅದೇ ಹೊತ್ತಿಗೆ ರಾಜ್ಯ ಸರ್ಕಾರ ಬೆಂಗಳೂರಿನಾಚೆ ಕಂಪನಿಗಳನ್ನು ಕರೆದೊಯ್ಯುವ ‘ಬಿಯಾಂಡ್ ಬೆಂಗಳೂರು’ ಕಾರ್ಯಕ್ರಮ ಹಾಕಿಕೊಂಡು, ಮೈಸೂರು, ಮಂಗಳೂರಿನ ಜೊತೆಗೆ ಹುಬ್ಬಳ್ಳಿ–ಧಾರವಾಡ–ಬೆಳಗಾವಿಯನ್ನೂ ಒಂದು ಕೂಟವೆಂದು ಗುರುತಿಸಿತು. 2024ರ ಜಾಗತಿಕ ಸಾಮರ್ಥ್ಯ ಕೇಂದ್ರಗಳ (ಬಹುರಾಷ್ಟ್ರೀಯ ಕಂಪನಿಗಳ ಸ್ವಂತ ಕಚೇರಿಗಳ) ನೀತಿಯೂ ಇದೇ ದಿಕ್ಕಿನದು.

ಲಾರಿ ಸಾಗಣೆಯ ಕಥೆ ಇದಕ್ಕೆ ನೇರ ವಿರುದ್ಧ. ಅಲ್ಲಿ ಯಾರೂ ಕರೆಯಲಿಲ್ಲ, ಯಾವ ನೀತಿಯೂ ಇರಲಿಲ್ಲ, ಜಾಗದ ಬೇಡಿಕೆ ತಾನಾಗಿ ಬೆಳೆಯಿತು. ಪುಣೆ–ಬೆಂಗಳೂರು ಹೆದ್ದಾರಿಯೂ ಅಂಕೋಲಾ–ಗುತ್ತಿ ಹೆದ್ದಾರಿಯೂ ಹುಬ್ಬಳ್ಳಿಯಲ್ಲಿ ಕೂಡುತ್ತವೆ. ವಿಜಯಪುರ, ಸೊಲ್ಲಾಪುರದ ದಾರಿ ಇಲ್ಲಿಂದಲೇ ಹೊರಡುತ್ತದೆ. ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ಸಾಗಣೆ ಸಂಸ್ಥೆ ಹುಬ್ಬಳ್ಳಿಗೆ ನೆಲೆ ಬದಲಿಸಿ, ಹೆದ್ದಾರಿಯ ವರೂರಿನಲ್ಲಿ ವಿಸ್ತಾರವಾದ ಕೇಂದ್ರ ಮಾಡಿಕೊಂಡು, ದೇಶದ ದೊಡ್ಡ ಲಾರಿ ಸಂಸ್ಥೆಗಳಲ್ಲಿ ಒಂದಾಯಿತು. ಔಷಧ, ಸಾಬೂನು, ಬಣ್ಣ, ಟೈರು, ಬಿಡಿಭಾಗಗಳ ಕಂಪನಿಗಳು ಉತ್ತರ ಕರ್ನಾಟಕಕ್ಕೆ ಮಾಲು ಹಂಚುವ ಸ್ಟಾಕಿಸ್ಟರನ್ನು, ಡಿಪೋಗಳನ್ನು ಇಲ್ಲೇ ಇಟ್ಟವು. ಹತ್ತಿಯ ವಖಾರಿಗೆ ಬೆಲೆ ಕೊಟ್ಟ ಅದೇ ಭೂಗೋಳ ನೂರು ವರ್ಷದ ಮೇಲೆ ತಗಡಿನ ಗೋದಾಮಿಗೂ ಬೆಲೆ ಕೊಟ್ಟಿತು.

2017ರ ಜುಲೈ 1ರಂದು ಬಂದ ಜಿಎಸ್‌ಟಿ ಗೋದಾಮಿನ ಲೆಕ್ಕವನ್ನು ಮತ್ತೆ ಬರೆಯಿತು. ಅದಕ್ಕೂ ಮೊದಲು ರಾಜ್ಯದಿಂದ ರಾಜ್ಯಕ್ಕೆ ಮಾರಿದರೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ಅದನ್ನು ತಪ್ಪಿಸಲು ಕಂಪನಿಗಳು ಪ್ರತಿ ರಾಜ್ಯದಲ್ಲೂ ಸಣ್ಣ ಡಿಪೋ ಇಟ್ಟುಕೊಂಡಿದ್ದವು. ಗಡಿಯ ಚೆಕ್‌ಪೋಸ್ಟುಗಳು ಹೋದ ಮೇಲೆ ಗೋದಾಮು ಎಲ್ಲಿರಬೇಕು ಎಂಬುದನ್ನು ದೂರ ಮತ್ತು ರಸ್ತೆಯೇ ನಿರ್ಧರಿಸುತ್ತವೆ. ಹುಬ್ಬಳ್ಳಿಯಿಂದ ಗೋವಾ, ಕೊಲ್ಲಾಪುರ, ಸಾಂಗ್ಲಿ ಒಂದು ರಾತ್ರಿಯ ಓಟದೊಳಗೆ ಬರುತ್ತವೆ. ಸಣ್ಣ ಸಣ್ಣ ಡಿಪೋಗಳು ಕೂಡಿ ದೊಡ್ಡದಾಗುವಾಗ ಆ ದೊಡ್ಡದು ಬೆಂಗಳೂರಿನ ಹೊರವಲಯಕ್ಕೆ ಹೋಗುತ್ತದೋ ಹುಬ್ಬಳ್ಳಿಗೆ ಬರುತ್ತದೋ ಎಂಬುದೇ ಈಗಿನ ಪೈಪೋಟಿ. ಸಣ್ಣ ವ್ಯಾಪಾರಿಗೆ ಜಿಎಸ್‌ಟಿ ಇನ್ನೊಂದು ಬಗೆಯಲ್ಲಿ ತಟ್ಟಿತು. ವಾಣಿಜ್ಯ ಬಾಡಿಗೆಯ ಮೇಲೆ ಶೇ 18 ತೆರಿಗೆ ಇದೆ. ಮಾಲೀಕ ನೋಂದಾಯಿಸಿಕೊಂಡಿರದಿದ್ದರೆ, ನೋಂದಾಯಿತ ಬಾಡಿಗೆದಾರನೇ ಅದನ್ನು ಕಟ್ಟಬೇಕೆಂಬ ನಿಯಮ 2024ರ ಅಕ್ಟೋಬರಿನಲ್ಲಿ ಬಂತು. ತೆರಿಗೆಯನ್ನು ಹೊಂದಿಸಿಕೊಳ್ಳಬಲ್ಲ ದೊಡ್ಡ ಅಂಗಡಿಗೆ ಇದು ಕಾಗದದ ಕೆಲಸ ಮಾತ್ರವಾಗಿತ್ತು, ಹೊಂದಿಸಿಕೊಳ್ಳಲಾಗದ ವ್ಯಾಪಾರಿಗೆ ಆಗ ಬಾಡಿಗೆಯೇ ಏರಿದಂತಾಯಿತು.

ಚಿಲ್ಲರೆ ವ್ಯಾಪಾರದಲ್ಲಿ ಮಾಲ್‌ಗಳು ಬಂದವು. ಹವಾನಿಯಂತ್ರಣ, ಪಾರ್ಕಿಂಗ್, ಸಿನಿಮಾ ಜನರನ್ನು ಸೆಳೆದವು. ಆದರೆ ಮದುವೆಯ ಜವಳಿಗೆ ಇಂದಿಗೂ ಹಳ್ಳಿಯ ಕುಟುಂಬಗಳು ಬರುವುದು ಪೇಟೆಯ ಓಣಿಗಳಿಗೆ, ಚಿನ್ನಕ್ಕೆ ಹೋಗುವುದು ಗೊತ್ತಿರುವ ಅಂಗಡಿಗೆ. ಸುತ್ತಲಿನ ತಾಲ್ಲೂಕುಗಳ ಕೊಳ್ಳುವ ಶಕ್ತಿ ಸುಗ್ಗಿಯ ಮೇಲೆ ನಿಂತಿದೆ; ಮಳೆ ಕೈಕೊಟ್ಟ ವರ್ಷ ದೀಪಾವಳಿಯ ವ್ಯಾಪಾರ ಇಳಿಯುತ್ತದೆ. ತಿಂಗಳು ತಪ್ಪದೆ ಬಾಡಿಗೆ, ನಿರ್ವಹಣೆ ವೆಚ್ಚ ಎರಡನ್ನೂ ಕಟ್ಟಬೇಕಾದ ಮಾಲ್ ಮಳಿಗೆಗೆ ಈ ಏರಿಳಿತ ಕಷ್ಟ. ಪೇಟೆಯ ಮನೆ–ಅಂಗಡಿಯ ಬಲ ಎಲ್ಲಿತ್ತೋ ಮಾಲ್‌ನ ದೌರ್ಬಲ್ಯ ಅಲ್ಲಿಯೇ ಇದೆ.

ಬಂಡವಾಳದ ಲೆಕ್ಕವೂ ಸಣ್ಣ ಊರಿಗೆ ಬಿಗಿ. ಉದಾಹರಣೆಗೆ 1 ಕೋಟಿ ರೂಪಾಯಿಗೆ ಕೊಂಡ ಮಳಿಗೆಗೆ ತಿಂಗಳಿಗೆ 40,000 ರೂಪಾಯಿ ಬಾಡಿಗೆ ಬಂದರೆ ವರ್ಷಕ್ಕೆ ಶೇ 4.8, ಮೂರು ತಿಂಗಳು ಖಾಲಿ ಉಳಿದರೆ ಶೇ 3.6. ಬ್ಯಾಂಕ್ ಠೇವಣಿಯ ಬಡ್ಡಿಗಿಂತ ಕಡಿಮೆಯಾದ ಈ ಆದಾಯವನ್ನು ಕೊಳ್ಳುವವನು ಸಹಿಸುವುದು ನೆಲದ ಬೆಲೆ ಏರುತ್ತದೆ ಎಂಬ ನಂಬಿಕೆಯಿಂದ. ದೊಡ್ಡ ನಗರಗಳ ಕಚೇರಿ ಕಟ್ಟಡಗಳಿಗೆ ಷೇರುಪೇಟೆಯ ಹಣ ತರುವ ರೀಟ್ ವ್ಯವಸ್ಥೆಗೆ ಸೆಬಿ 2014ರಲ್ಲಿ ನಿಯಮ ರೂಪಿಸಿತು. ಬೆಂಗಳೂರಿನ ಎಂಬಸಿ ರೀಟ್ 2019ರಲ್ಲಿ ದೇಶದ ಮೊದಲ ರೀಟ್ ಆಗಿ ಷೇರುಪೇಟೆಗೆ ಬಂತು. 2024ರಲ್ಲಿ ಸೆಬಿ 50 ಕೋಟಿ ರೂಪಾಯಿಯಿಂದ ಮೇಲಿನ ಆಸ್ತಿಗಳಿಗೂ ಸಣ್ಣ ಮತ್ತು ಮಧ್ಯಮ ರೀಟ್‌ಗೆ ಅವಕಾಶ ಕೊಟ್ಟಿತು. ಹುಬ್ಬಳ್ಳಿಯಂತಹ ಊರಿಗೆ ಬಾಗಿಲು ತೆರೆದಂತೆಯೇ ಸರಿ; ಆದರೆ ಒಳಹೋಗಲು ದೀರ್ಘಾವಧಿಯ ನೋಂದಾಯಿತ ಕರಾರು, ಸ್ವಚ್ಛವಾದ ಕಾಗದಪತ್ರ, ಪೂರ್ತಿ ಬಾಡಿಗೆ ಹೋದ ಕಟ್ಟಡ ಬೇಕು. 11 ತಿಂಗಳ ಕರಾರಿನ, ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿಯಾಗಿರುವ ಆಸ್ತಿಗೆ ಅಲ್ಲಿ ಪ್ರವೇಶವಿಲ್ಲ.

ಸಣ್ಣ ಮಾರುಕಟ್ಟೆಯ ಆಸ್ತಿ ಸರಿಯಾದ ರೂಪದಲ್ಲಿ ಹೇಗಿರುತ್ತದೆ ಎಂಬುದನ್ನು ನೋಡಲು ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಬ್ಯಾಡಗಿಗೆ ಹೋಗಬಹುದು. ಒಂದು ತಾಲ್ಲೂಕು ಕೇಂದ್ರ. ಮಾಲ್ ಇಲ್ಲ, ಐಟಿ ಪಾರ್ಕ್ ಇಲ್ಲ. ಇರುವುದು ಒಣಮೆಣಸಿನಕಾಯಿ. ಸುಗ್ಗಿಯಲ್ಲಿ ಬಳ್ಳಾರಿ, ರಾಯಚೂರು ಕಡೆಯಿಂದಲೂ ಆಂಧ್ರದಿಂದಲೂ ಚೀಲಗಳು ಬಂದು ಬೀಳುತ್ತವೆ. ಬೆಲೆ ಇಳಿದಾಗ ಕಾಯ್ದಿಡಲು, ಬಣ್ಣ ಕೆಡದಂತೆ ನೋಡಿಕೊಳ್ಳಲು ಊರ ಸುತ್ತ ಶೀತಲ ಗೃಹಗಳು ಎದ್ದಿವೆ. ಅವುಗಳ ಬಾಡಿಗೆ ಚೀಲದ ಲೆಕ್ಕದಲ್ಲಿ. ಗಿರಾಕಿ ರೈತ, ವರ್ತಕ, ಬಣ್ಣ ತೆಗೆಯುವ ಕಾರ್ಖಾನೆ. 2024ರ ಮಾರ್ಚಿನಲ್ಲಿ ಬೆಲೆ ಕುಸಿದು ರೈತರ ಸಿಟ್ಟು ಹಿಂಸೆಗೆ ತಿರುಗಿದ ದಿನ ಈ ವ್ಯಾಪಾರ ಎಷ್ಟು ಸೂಕ್ಷ್ಮವೆಂಬುದೂ ಗೊತ್ತಾಯಿತು. ಹಾಗಿದ್ದರೂ ಊರಿನ ಕಟ್ಟಡ ಊರಿನ ಬೆಳೆಗೆ ಹೊಂದಿ ಬೆಳೆದ ಉದಾಹರಣೆ ಅದು.

ಹುಬ್ಬಳ್ಳಿಗೆ ಮುಂದಿನ ವರ್ಷಗಳಲ್ಲಿ ಹೆಚ್ಚಿನ ಭರವಸೆ ಇರುವುದು ಹೆದ್ದಾರಿಯ ಗೋದಾಮು, ಶೀತಲ ಗೃಹ, ಆಸ್ಪತ್ರೆ ಮತ್ತು ಶಿಕ್ಷಣದ ಕಟ್ಟಡಗಳಲ್ಲಿ. ದುರ್ಗದಬೈಲು, ಜವಳಿ ಸಾಲಿನ ನೆಲಮಹಡಿ ತನ್ನ ಬೆಲೆ ಉಳಿಸಿಕೊಳ್ಳುತ್ತದೆ, ಅಲ್ಲಿನ ಹಳೆಯ ಕಟ್ಟಡಗಳನ್ನು ಬೀಳುವ ಮುನ್ನ ದುರಸ್ತಿ ಮಾಡಿದರೆ. ಕಚೇರಿ ಜಾಗ ಐಟಿ ಬಂದಷ್ಟೇ ಬೆಳೆಯುತ್ತದೆ, ಬರುವುದು ನಿಧಾನ. ಸ್ಮಾರ್ಟ್ ಸಿಟಿ ಹಣದಲ್ಲಿ ಜನತಾ ಬಜಾರನ್ನೂ ಗಣೇಶಪೇಟೆಯ ಮೀನು ಮಾರುಕಟ್ಟೆಯನ್ನೂ ಹೊಸದಾಗಿ ಕಟ್ಟಿಸಿಕೊಂಡ ನಗರ, ಮುಂದಿನ ಸಂಕೀರ್ಣಕ್ಕೆ ಅಡಿಗಲ್ಲು ಹಾಕುವ ಮೊದಲು ಈಗಿರುವ ಮಳಿಗೆಗಳಲ್ಲಿ ಎಷ್ಟು ತುಂಬಿವೆ, ಎಷ್ಟು ಬಾಡಿಗೆ ಬಾಕಿಯಿದೆ, ಮೇಲಿನ ಮಹಡಿಗಳಿಗೆ ಎಷ್ಟು ವರ್ಷದಿಂದ ಬೀಗ ಬಿದ್ದಿದೆ ಎಂಬ ಲೆಕ್ಕವನ್ನು ಜನರ ಮುಂದೆ ಇಡಬೇಕು.